ಎರಡನೆಯ ಸಾಲಿನ ಮೂರನೆಯ ಚಿತ್ರ ನಮ್ಮ ಮನೆಯ ಡಬ್ಬಿ

ಮಹಾನಗರಪಾಲಿಕೆಯ ಶಾಲಾ ಪೌಷ್ಟಿಕ ಆಹಾರ ಅಭಿಯಾನದ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಶಾಲೆ ಶಾಲೆಗೂ ಕಟ್ಟಿಸಿರುವ 'ಏನು ತಿನ್ನಬೇಕು, ಏನು ತಿನ್ನಬಾರದು' ಎಂಬ ಫ್ಲೆಕ್ಸಿನಲ್ಲಿ, 'ತಿನ್ನಬಾರದು' ಎಂಬ ಕಡೆ, ಎರಡನೆಯ ಸಾಲಿನ ಮೂರನೆಯ ಚಿತ್ರ ನಮ್ಮ ಮನೆಯ ಡಬ್ಬಿಯದು. ಅದರ ಮೇಲೆ ಕೆಂಪು ಗೆರೆ ಎಳೆಸಿ, ಕೆಳಗೆ ಮರಾಠಿಯಲ್ಲಿ 'ಶಿಳೆ ಅನ್ನ' ಎಂದು ಬರೆಸಿದ್ದೀರಿ. ತಂಗಳು, ಹಳಸಿದ್ದು ಎಂದರ್ಥ. ಅದು ತಂಗಳಲ್ಲ, ಹಳಸಿಯೂ ಇರಲಿಲ್ಲ. ಅಂದು ಬೆಳಿಗ್ಗೆ ಆರು ಗಂಟೆಗೆ ಒಲೆಯಿಂದ ಇಳಿದದ್ದು. ಇಷ್ಟು ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಈಗ ಹೇಳಿದ್ದೇನೆ. ದಯವಿಟ್ಟು ಆ ಚಿತ್ರ ತೆಗೆಸಿ.

ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ತಮ್ಮಂಥವರ ಮೇಜಿನ ಮೇಲೆ ಎರಡು ಸಾಲಿನ ಕಾಗದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿಲ್ಲ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಅದೂ ಪತ್ರಿಕೆಯಲ್ಲಿ. ನಾನು ಓದಿದ್ದು ಏಳನೆಯ ತರಗತಿಯವರೆಗೆ, ಕನ್ನಡ ಮಾಧ್ಯಮದಲ್ಲಿ, ಡೊಂಬಿವಿಲಿಯಲ್ಲಿ. ಆಮೇಲೆ ಓದಿದ್ದೆಲ್ಲ ಕನ್ನಡ ಸಂಘದ ಕಪಾಟಿನಿಂದ ಎರವಲು ತಂದ ಪುಸ್ತಕಗಳು. ತಪ್ಪಿದ್ದರೆ ತಿದ್ದಿಕೊಳ್ಳಿ. ತಾವು ಕನ್ನಡ ಓದಬಲ್ಲಿರಿ. ಅದು ನನಗೆ ಹೇಗೆ ಗೊತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಆ ಡಬ್ಬಿಯಲ್ಲಿ ಏನಿದೆ ಎಂದು ತಾವು ಯಾರನ್ನೂ ಕೇಳಲಿಲ್ಲವಂತೆ. ಕುಚ್ಚಲಕ್ಕಿ ಅನ್ನ, ನುಗ್ಗೆಸೊಪ್ಪಿನ ಪಲ್ಯ, ಮೂಲೆಯಲ್ಲಿ ನಿಂಬೆಯ ಒಂದು ಹೋಳು. ಡಬ್ಬಿ ನನ್ನ ಅಣ್ಣನ ಮಗಳು ಅಶ್ಮಿತಾಳದು. ಅವಳಿಗೆ ಎಂಟು ವರ್ಷ, ತಮ್ಮ ಪಾಲಿಕೆಯದೇ ಮರಾಠಿ ಶಾಲೆಯಲ್ಲಿ ಮೂರನೆಯ ತರಗತಿ. ಕಳೆದ ಜುಲೈಯಲ್ಲಿ ಶಾಲೆಗೆ ಬಂದ ಪಾಲಿಕೆಯ ಡಾಕ್ಟರು ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಹನ್ನೊಂದೂವರೆಯಾದರೂ ಇರಬೇಕಾದ ಹಿಮೋಗ್ಲೋಬಿನ್ ಅಶ್ಮಿತಾಳಿಗೆ ಎಂಟೂವರೆ ಇತ್ತು. ಡಾಕ್ಟರು ಮಾತ್ರೆ ಕೊಟ್ಟರು. ಜೊತೆಗೆ ಸೊಪ್ಪು ಕೊಡಿ, ನುಗ್ಗೆಸೊಪ್ಪಾದರೆ ಇನ್ನೂ ಒಳ್ಳೆಯದು, ಮೇಲೆ ನಿಂಬೆ ಹಿಂಡಿ, ತೌಡು ಉಳಿದ ಅಕ್ಕಿಯ ಅನ್ನ ಹಾಕಿ ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ನಮ್ಮ ಅತ್ತಿಗೆ ಜಯಲತಾ ಆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಮರುದಿನದಿಂದ ಬೆಳಿಗ್ಗೆ ಐದಕ್ಕೆ ಎದ್ದು ಕುಚ್ಚಲಕ್ಕಿ ಬೇಯಿಸತೊಡಗಿದಳು. ಅದು ಕುಕ್ಕರಿನಲ್ಲಿ ಮೂರು ಸೀಟಿಗೆ ಮುಗಿಯುವ ಅನ್ನ ಅಲ್ಲ. ಒಂದು ಗಂಟೆ ಬೇಕು. ಅದರ ನಡುವೆಯೇ ಅಣ್ಣ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಗೆ ಹೊರಡಬೇಕು, ಅವನದೂ ಡಬ್ಬಿ ಕಟ್ಟಬೇಕು. ಎರಡು ತಿಂಗಳು ಹೀಗೆ ನಡೆಯಿತು. ಸೆಪ್ಟೆಂಬರಿನಲ್ಲಿ ನೋಡಿಸಿದಾಗ ಎಂಟೂವರೆಯದು ಒಂಬತ್ತೂಮುಕ್ಕಾಲು ಆಗಿತ್ತು. ಅಂದು ಅತ್ತಿಗೆ ಮೂಲೆಯ ಅಂಗಡಿಯಿಂದ ಪೇಡೆ ತಂದು ಚಾಳಿನ ನೆರೆಯವರಿಗೆಲ್ಲ ಹಂಚಿದಳು. ಕಾರಣ ಕೇಳಿದವರಿಗೆ "ನಮ್ಮ ಅಶ್ಮಿ ಪಾಸಾದಳು" ಎಂದಳು.

ಅದೇ ತಿಂಗಳು ತಮ್ಮ ಪೌಷ್ಟಿಕ ಆಹಾರ ಸಪ್ತಾಹ ಬಂತು.

ತಾವು ಬಂದ ದಿನ ನಾನು ಅಲ್ಲಿರಲಿಲ್ಲ. ಶಾಲೆಯಲ್ಲಿ ಖಿಚಡಿ ಬಡಿಸುವ ಚಂದ್ರಬಾಯಿ ಇದ್ದಳು. ಡಿಸೆಂಬರಿನಲ್ಲಿ ಅವಳು ನನಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಸಣ್ಣ ಬಿಡುವಿನಲ್ಲಿ ಮಕ್ಕಳು ಡಬ್ಬಿ ತೆರೆದು ಸಾಲಾಗಿ ಕುಳಿತಿದ್ದರು. ತಾವು ಒಂದೊಂದೇ ನೋಡುತ್ತ ಬಂದಿರಿ. ಚಪಾತಿ ಭಾಜಿಗೆ 'ಗುಡ್', ಪೋಹೆಗೆ 'ಗುಡ್', ಕ್ರೀಮ್ ಬಿಸ್ಕಿಟಿಗೆ 'ಓಕೆ'. ಅಶ್ಮಿತಾಳ ಹತ್ತಿರ ಬಂದಾಗ ಮೂಗಿಗೆ ಕರವಸ್ತ್ರ ಹೋಯಿತು. ಹುಡುಗಿ ಕನ್ನಡದವಳು ಎಂದು ತರಗತಿಯ ಬಾಯಿ, ಅಂದರೆ ಟೀಚರು, ಹೇಳಿದ ಮೇಲೆ ತಾವು ಕನ್ನಡದಲ್ಲೇ ಕೇಳಿದಿರಂತೆ: "ಏನು ಪುಟ್ಟಾ, ನೆನ್ನೇದಾ ಇದು? ಸ್ಮೆಲ್ ಬರ್ತಾ ಇದೆಯಲ್ಲಾ! ಮನೇಲಿ ಯಾರೂ ನೋಡಲ್ವಾ?"

ಅಶ್ಮಿತಾ ತಲೆ ತಗ್ಗಿಸಿ ಸುಮ್ಮನಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ. ಆದರೆ ಮನೆಯಲ್ಲಿ ದೊಡ್ಡವರು ಆಡುವುದು ತುಳು, ಅವಳ ಬಾಯಲ್ಲಿ ಹೆಚ್ಚಾಗಿ ಓಣಿಯ ಹಿಂದಿ, ಶಾಲೆಯಲ್ಲಿ ಮರಾಠಿ. ದೊಡ್ಡವರು ಹೀಗೆ ಬಗ್ಗಿ ಕೇಳಿದರೆ ಯಾವ ಭಾಷೆಯೂ ಬಾಯಿಗೆ ಬರುವುದಿಲ್ಲ. ಸುಮ್ಮನಿದ್ದವಳು ಒಪ್ಪಿಕೊಂಡಳೆಂದು ತಾವು ತಿಳಿದಿರಿ. ಮೊಬೈಲ್ ಎತ್ತಿ ಫೋಟೋ ತೆಗೆದಿರಿ. ಚಂದ್ರಬಾಯಿ ಸಾವಂತವಾಡಿಯ ಕಡೆಯವಳು, ಅವರೂ ಕುಚ್ಚಲಕ್ಕಿ ಉಣ್ಣುವವರೇ. ದೂರದಿಂದಲೇ ನೋಡಿ "ಅಗೋ, ಹೋ ತರ್ ಆಮ್ಚೋ ಉಕಡೋ ತಾಂದೂಳ್!" ಎಂದು ಕೂಗಿದಳಂತೆ, ಅಯ್ಯೋ, ಇದು ನಮ್ಮದೇ ಕುಚ್ಚಲಕ್ಕಿ ಎಂದು. ಟೀಚರು ಅವಳತ್ತ ಕಣ್ಣು ಬಿಟ್ಟರು. ಖಿಚಡಿ ಬಡಿಸುವವಳು ಸಾಹೇಬರ ಮುಂದೆ ಮಾತಾಡುವುದು ಆಹಾರ ಶಿಕ್ಷಣದಲ್ಲಿ ಬರುವುದಿಲ್ಲವಲ್ಲ!

ತಾವು ಬಹುಶಃ ಮೈಸೂರು ಕಡೆಯವರು. ಬಿಳಿ ಅನ್ನದಲ್ಲಿ ಬೆಳೆದವರು. ಕುಚ್ಚಲಕ್ಕಿಯ ವಾಸನೆ ಗೊತ್ತಿಲ್ಲದವರಿಗೆ ಅದು ಹಳಸಲಿನಂತೆ ಅನ್ನಿಸುವುದುಂಟು. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಆ ವಾಸನೆ ಅದರ ಹುಟ್ಟುಗುಣ. ನುಗ್ಗೆಸೊಪ್ಪು ಬೆಂದ ಮೇಲೆ ಕಪ್ಪಗಾಗುತ್ತದೆ. ಕೆಂಪನ್ನದ ಮೇಲೆ ಕಪ್ಪು ಪಲ್ಯ, ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಗೊತ್ತಿಲ್ಲದಿರುವುದು ತಪ್ಪಲ್ಲ. ಕೇಳದಿರುವುದು? ಒಂದು ಅಗುಳನ್ನೂ ಬಾಯಿಗಿಡದೆ, ಪಾಲಿಕೆಯ ಎಲ್ಲ ಶಾಲೆಗಳ ಗೋಡೆಗೂ ಅದನ್ನು ಏರಿಸುವುದು? ಒಂದೇ ಪಾಲಿಕೆಯ ಡಾಕ್ಟರು ತಿನ್ನು ಎಂದು ಬರೆದುಕೊಟ್ಟದ್ದನ್ನು, ಅದೇ ಪಾಲಿಕೆಯ ಅಭಿಯಾನ ತಿನ್ನಬೇಡ ಎಂದು ಬಣ್ಣದಲ್ಲಿ ಅಚ್ಚು ಹಾಕಿಸಿತು. ನಾವು ಯಾವ ಕಾಗದವನ್ನು ದೇವರ ಪಟದ ಹಿಂದೆ ಇಡಬೇಕು, ಹೇಳಿ?

ಫ್ಲೆಕ್ಸಿನ ಇನ್ನೊಂದು ಕಡೆಯನ್ನೂ ನಾನು ಹೋಗಿ ನೋಡಿದೆ. 'ತಿನ್ನಬೇಕು' ಎಂಬ ಕಡೆ ಗಾಜಿನ ಲೋಟದ ತುಂಬ ಹಾಲು, ಸ್ಟಿಕರ್ ಅಂಟಿದ ಸೇಬು, ಬಟ್ಟಲಲ್ಲಿ ಕಾರ್ನ್‌ಫ್ಲೇಕ್ಸ್, ಮತ್ತೆ ಚಿಕ್ಕ ಮರದಂಥ ಹಸಿರು ಹೂಕೋಸು ಒಂದಿದೆ. ನಾನು ವರ್ಷವಿಡೀ ಸೊಪ್ಪು ತರಕಾರಿಯಲ್ಲೇ ಕೈಯಾಡಿಸುವವಳು, ನನಗೇ ಅದು ಏನೆಂದು ತಿಳಿಯಲಿಲ್ಲ. ಬ್ರೊಕೊಲಿ ಅಂತೆ. ಘೋಡಬಂದರ್ ರಸ್ತೆಯ ಮಾಲಿನಲ್ಲಿ ಸಿಗುತ್ತದಂತೆ. ಮೂಲೆಯಲ್ಲಿ ಒಂದು ಬಿಸ್ಕಿಟ್ ಕಂಪನಿಯ ಗುರುತು. ಕ್ರೀಮ್ ಬಿಸ್ಕಿಟಿಗೆ 'ಓಕೆ' ಹೇಗೆ ಬಂತು ಎಂಬುದು ಆಗ ತಿಳಿಯಿತು. ಮಕ್ಕಳ ಮನೆಯಲ್ಲಿ ಬೇಯುವ ಒಂದು ಪದಾರ್ಥವಾದರೂ 'ತಿನ್ನಬೇಕು' ಎಂಬ ಕಡೆ ಇದೆಯೇ ಎಂದು ಹುಡುಕಿದೆ. ಬಾಳೆಹಣ್ಣು ಒಂದಿತ್ತು. ಅದಕ್ಕೂ ಧನ್ಯವಾದ.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಫ್ಲೆಕ್ಸ್ ಕಟ್ಟಿದ್ದು ಅವಳ ತರಗತಿಯ ಬಾಗಿಲೆದುರು. ಡಬ್ಬಿಯ ಅಂಚಿನಲ್ಲಿ ಅವಳು ಅಂಟಿಸಿದ್ದ ಚಿಟ್ಟೆಯ ಸ್ಟಿಕರ್ ಕೂಡ ಚಿತ್ರದಲ್ಲಿ ಬಂದಿದೆ. ಡಬ್ಬಿ ಯಾರದು ಎಂದು ಒಬ್ಬರಿಗೂ ಹೇಳಬೇಕಾಗಲಿಲ್ಲ. ಮೊದಲ ದಿನವೇ ಮಕ್ಕಳು ಅವಳಿಗೆ ಹೆಸರಿಟ್ಟರು: "ಏ ಶಿಳೀ! ಶಿಳೀ ಆಲೀ!" ಹಳಸಲು ಹುಡುಗಿ ಬಂದಳು ಎಂದು. ಮನೆಗೆ ಬಂದು ಅವಳು ಇದನ್ನು ಹೇಳಲಿಲ್ಲ. "ಮಮ್ಮೀ, ದೂಸ್ರಾ ಡಬ್ಬಾ ದೋ ನಾ" ಎಂದು, ಬೇರೆ ಡಬ್ಬಿ ಬೇಕೆಂದಷ್ಟೇ ಹಟ ಹಿಡಿದಳು. ಹೊಸ ಡಬ್ಬಿ ಕೊಡಿಸಿದೆವು. ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು. ಅತ್ತಿಗೆ ಅದನ್ನು ತೊಳೆಯುತ್ತ "ನೋಡು ವಿನೋದಾ, ಒಂದಗುಳು ಬಿಡೂದಿಲ್ಲ ಈಗ" ಎಂದು ಹಿಗ್ಗುತ್ತಿದ್ದಳು. ನಾನೂ ಹಿಗ್ಗಿದೆ. ನಾವಿಬ್ಬರೂ ಎಂಥ ದಡ್ಡರು!

ನಿಜ ಹೇಳಿದವಳು ಚಂದ್ರಬಾಯಿ. ಡಿಸೆಂಬರಿನಲ್ಲಿ ಒಂದು ದಿನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದಳು, ನಿಮ್ಮ ಹುಡುಗಿ ಅನ್ನವನ್ನು ಯಾಕೆ ತೊಳೆಯುತ್ತಾಳೆ ಎಂದು. ನನಗೆ ಅರ್ಥವಾಗಲಿಲ್ಲ. ಮರುದಿನ ಬಿಡುವಿನ ಹೊತ್ತಿಗೆ ಹೋಗಿ ಗೇಟಿನ ಆಚೆ ನಿಂತು ನೋಡಿದೆ. ಮಕ್ಕಳೆಲ್ಲ ವರಾಂಡದಲ್ಲಿ ಉಣ್ಣುತ್ತಿದ್ದಾಗ ಅಶ್ಮಿತಾ ಹಿಂದಿನ ನಲ್ಲಿಯ ಹತ್ತಿರ ಒಬ್ಬಳೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದು, ಎರಡು ಬೆರಳಿನಿಂದ ಅನ್ನವನ್ನು ತಿಕ್ಕುತ್ತಿದ್ದಳು. ಪಲ್ಯ ಮೊದಲೇ ಚರಂಡಿಗೆ ಹೋಗಿತ್ತು. ಕೆಂಪು ಹೋಗಿ ಅನ್ನ ಬಿಳಿಯಾಗಲಿ ಎಂದು ತಿಕ್ಕುತ್ತಿದ್ದಳು. ಹೋಗದ ಕೆಂಪು. ನೀರು ಸುರಿಸುತ್ತಾಳೆ, ಮೂಸುತ್ತಾಳೆ, ಮತ್ತೆ ತಿಕ್ಕುತ್ತಾಳೆ. ಕಡೆಗೆ ಎಲ್ಲವನ್ನೂ ಚೆಲ್ಲಿ, ಡಬ್ಬಿ ತೊಳೆದು, ಮುಚ್ಚಳ ಹಾಕಿ, ಲಂಗಕ್ಕೆ ಕೈ ಒರೆಸಿಕೊಂಡು ತರಗತಿಗೆ ನಡೆದಳು. ನಾನು ಅವಳನ್ನು ಕೂಗಬೇಕಿತ್ತು. ಕೂಗಲಿಲ್ಲ.

ಜನವರಿಯ ಪರೀಕ್ಷೆಯಲ್ಲಿ ಅವಳ ಹಿಮೋಗ್ಲೋಬಿನ್ ಎಂಟೂಕಾಲು. ಮೊದಲಿಗಿಂತ ಕಡಿಮೆ. ಪ್ರಾರ್ಥನೆಯಲ್ಲಿ ನಿಂತಲ್ಲೇ ಎರಡು ಸಲ ಕುಸಿದಿದ್ದಾಳೆ. ಮಾರ್ಚಿನಲ್ಲಿ ಇನ್ನೊಮ್ಮೆ ನೋಡುತ್ತೇವೆ, ಏರದಿದ್ದರೆ ದೊಡ್ಡಾಸ್ಪತ್ರೆಗೆ ಬರೆಯಬೇಕಾಗುತ್ತದೆ ಎಂದಿದ್ದಾರೆ ಡಾಕ್ಟರು. ಈಗ ಫೆಬ್ರವರಿ. ಮನೆಯಲ್ಲಿ ಬೈದೆವು, ಮುದ್ದು ಮಾಡಿದೆವು, ಮಾತ್ರೆಗೆ ಬೆಲ್ಲ ಸವರಿದೆವು. ಅಣ್ಣ ಒಂದು ಸಲ ಕೈಯನ್ನೂ ಎತ್ತಿದ. ಹುಡುಗಿ ಅಂದದ್ದು ಒಂದೇ ಮಾತು: "ಅತ್ತೆ, ಬೋರ್ಡ್ ಪೆ ಲಿಖಾ ಹೈ ನಾ? ತುಮ್ ಸರ್ ಸೇ ಜ್ಯಾದಾ ಜಾನ್ತೀ ಹೋ ಕ್ಯಾ?" ಬೋರ್ಡಿನಲ್ಲೇ ಬರೆದಿದೆ, ಸರ್‌ಗಿಂತ ನಿನಗೆ ಹೆಚ್ಚು ಗೊತ್ತೇ ಎಂದು.

ಶಾಲೆಯಲ್ಲಿ ಕೇಳಿದೆ. "ಮೇಲಿನಿಂದ ಬಂದದ್ದು, ನಾವು ತೆಗೆಯುವ ಹಾಗಿಲ್ಲ" ಎಂದರು ಟೀಚರು. ಅವರ ಮುಖದಲ್ಲೂ ಕಸಿವಿಸಿ ಇತ್ತು. ತಮ್ಮ ಕಚೇರಿಗೂ ಬಂದೆ. ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಹೇಳಬೇಕಾದ್ದನ್ನು ಮರಾಠಿಯಲ್ಲಿ ಮನಸ್ಸಿನೊಳಗೆ ಇಪ್ಪತ್ತು ಸಲ ಹೇಳಿಕೊಂಡೆ. ಸಿಪಾಯಿ ಬಂದು "ಕಾಯ್ ಕಾಮ್ ಆಹೇ?" ಎಂದ. ಏನು ಕೆಲಸ ಎಂದು ಅಷ್ಟೇ ಕೇಳಿದ್ದು, ಗದರಿಸಲೂ ಇಲ್ಲ. ನಾನು "ಕಾಹೀ ನಾಹೀ" ಎಂದು ಎದ್ದು ಬಂದೆ. ಏನೂ ಇಲ್ಲ ಎಂದೆ. ನಮ್ಮ ಮನೆಯ ಹೆಂಗಸರಿಗೆಲ್ಲ ಇದೊಂದು ಕಾಯಿಲೆ, ಬೇಕಾದಾಗ ಬಾಯಿ ಬರುವುದಿಲ್ಲ. ಅಶ್ಮಿತಾ ತಮ್ಮೆದುರು ಸುಮ್ಮನಿದ್ದದ್ದಕ್ಕೆ ಅವಳನ್ನು ಬೈಯುವ ಹಕ್ಕು ನನಗಿಲ್ಲ.

ಆಹಾರದ ಪಾಠ ಶಾಲೆಯಲ್ಲಿ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕೇಬೇಕು. ನನಗೆ ಆ ಪಾಠ ಮೂರನೆಯ ತರಗತಿಯಲ್ಲಿ ಸಿಕ್ಕಿತ್ತು. ಗುರುವಪ್ಪ ಮಾಸ್ತರರು ಬಾಗಲಕೋಟೆ ಕಡೆಯವರು. ಊಟದ ಬಿಡುವಿನಲ್ಲಿ ಅವರೂ ತಮ್ಮ ರೊಟ್ಟಿಯ ಗಂಟು ಬಿಚ್ಚಿ ನಮ್ಮ ಜೊತೆ ನೆಲಕ್ಕೆ ಕೂರುವರು. ದಿನಕ್ಕೊಬ್ಬರು ತಮ್ಮ ಡಬ್ಬಿಯಲ್ಲಿ ಏನಿದೆ, ಅದು ಎಲ್ಲಿ ಬೆಳೆಯುತ್ತದೆ, ಯಾರು ಸೋಸಿದರು, ಯಾರು ಬೇಯಿಸಿದರು ಎಂದು ಹೇಳಬೇಕು. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಬೇಕು. ನನ್ನ ಸರದಿ ಬಂದ ದಿನ ಮಾಸ್ತರರು ನನ್ನ ಡಬ್ಬಿಗೆ ಬಗ್ಗಿ ಮೂಗು ಮುರಿದದ್ದು ನನಗೆ ಚೆನ್ನಾಗಿ ನೆನಪಿದೆ.

"ಯಾಕವ್ವಾ ವಿನೋದಾ, ಅನ್ನ ಹಳಸೇತೇನ?"

ನಾನು ಎಂದಿನಂತೆ ಮೂಕಿ. ಅವರು ಕಾಯಲಿಲ್ಲ. ಮೂರು ಬೆರಳಿನಲ್ಲಿ ಒಂದಿಷ್ಟು ಎತ್ತಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ತರಗತಿಯೇ ಅವರ ದವಡೆಯನ್ನು ನೋಡುತ್ತಿತ್ತು.

"ಅನ್ನ ಹಳಸಿಲ್ಲಲೇ, ನನ್ನ ಮೂಗ ಹಳಸೇತಿ! ಇದು ಅಕ್ಕಿನ ಬ್ಯಾರೆ. ಎಲ್ಲಾರೂ ಒಂದೊಂದ್ ತುತ್ತ ತಿನ್ರಿ, ಆಮ್ಯಾಲೆ ಮಾತಾಡ್ರಿ."

ನನ್ನ ಡಬ್ಬಿ ಖಾಲಿಯಾಯಿತು. ನನಗೆ ಎಂಟು ಡಬ್ಬಿಗಳಿಂದ ಊಟ ಬಂತು. ಅಗಸಿ ಚಟ್ನಿಯನ್ನು ನಾನು ಮೊದಲು ತಿಂದದ್ದು ಅಂದೇ. ಮಾನ್ಯರೇ, ಅವರೂ ತಾವು ಮಾಡಿದ ತಪ್ಪನ್ನೇ ಮಾಡಿದರು. ಅದೇ ಮೂಗು, ಅದೇ ಪ್ರಶ್ನೆ, ಎದುರಿಗೆ ಅದೇ ಬಾಯಿಲ್ಲದ ಹುಡುಗಿ. ಆದರೆ ಅವರ ಕೈ ಅನ್ನಕ್ಕೆ ಹೋಯಿತು. ತಮ್ಮ ಕೈ ಮೊಬೈಲಿಗೆ ಹೋಯಿತು. ಆಹಾರ ಶಿಕ್ಷಣ ಎಂದರೆ ಏನು ಎಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ತಮ್ಮ ಅಭಿಯಾನದ ಹೊತ್ತಗೆಯಲ್ಲಿ ಬೇರೆ ಏನಾದರೂ ಇದ್ದೀತು.

ಇನ್ನು, ತಾವು ಕನ್ನಡದವರೆಂದು ನನಗೆ ಹೇಗೆ ಗೊತ್ತು ಎಂಬುದು. ತಾವು ನನ್ನನ್ನು ಬಲ್ಲಿರಿ. ವಿಠ್ಠಲವಾಡಿ ಸ್ಟೇಷನ್ನಿನ ಸೇತುವೆ ಇಳಿಯುವ ಕಡೆ, ಎಡಕ್ಕೆ, ಗೋಣಿ ಹಾಸಿಕೊಂಡು ಸೋಸಿದ ಸೊಪ್ಪು, ಸುಲಿದ ಬಟಾಣಿ, ನಾರು ತೆಗೆದ ಗೋರಿಕಾಯಿ ಮಾರುವವಳು ನಾನು. ಕೆಲಸ ಬಿಟ್ಟು ಲೋಕಲ್ ಹಿಡಿಯುವವರಿಗೆ ಮನೆಗೆ ಹೋಗಿ ಸೊಪ್ಪು ಬಿಡಿಸುವಷ್ಟು ಹೊತ್ತಿಲ್ಲ, ಅದರಿಂದ ನನ್ನ ಹೊಟ್ಟೆ ತುಂಬುತ್ತದೆ. ಪ್ರತಿ ಶುಕ್ರವಾರ ಆರೂಹತ್ತರ ಲೋಕಲ್‌ಗೆ ಮುಂಚೆ ತಾವು ನನ್ನೆದುರು ನಿಂತು ಮೊಬೈಲಿನಲ್ಲಿ ಮನೆಯವರನ್ನು ಕೇಳುತ್ತೀರಿ: "ಏನೇ, ಮೆಂತ್ಯ ತರ್ಲಾ, ಪಾಲಕ್ ತರ್ಲಾ? ಕ್ಲೀನ್ ಮಾಡಿರೋದೇ ಕಣೇ, ನೀನು ಬರೀ ಒಗ್ಗರಣೆ ಹಾಕಿದ್ರಾಯ್ತು." ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ "ಮೇಥಿ, ದೋ" ಎನ್ನುತ್ತೀರಿ. ಮೂರು ವರ್ಷದಿಂದ ನಾನು ಮೆಂತ್ಯದ ಎರಡು ಪೊಟ್ಟಣ ಕೊಡುತ್ತಿದ್ದೇನೆ. ನನಗೂ ಕನ್ನಡ ಬರುತ್ತದೆಂದು ಒಮ್ಮೆಯೂ ಹೇಳಿಲ್ಲ.

ಅಭಿಯಾನದ ಸಾಹೇಬರು ತಾವೇ ಎಂಬುದು ತಿಳಿದದ್ದು ಮೊನ್ನೆ ಜನವರಿಯಲ್ಲಿ. ಅಂದು ಅಶ್ಮಿತಾ ನನ್ನ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದಳು. ತಾವು ಬಂದು ನಿಂತ ಕೂಡಲೇ ಅವಳು ಬುಟ್ಟಿಯ ಹಿಂದೆ ಸರಿದು, ಗೋಣಿಯ ತುದಿಯನ್ನು ತಲೆಯ ಮೇಲೆ ಎಳೆದುಕೊಂಡಳು. ತಾವು ಹೋದ ಮೇಲೆ ಮೆಲ್ಲಗೆ "ಅತ್ತೆ, ವಹೀ ಸರ್ ಹೈ" ಎಂದಳು. ಅದೇ ಸರ್. ಆಮೇಲೆ ಮತ್ತೆ ಬಟಾಣಿ ಸುಲಿಯುತ್ತ "ಅವರಿಗೆ ಕೊಟ್ಟ ಮೆಂತ್ಯ ತಾಜಾ ಇತ್ತಲ್ವಾ?" ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು. ತಮ್ಮನ್ನು ಕಂಡು ಅವಳಿಗೆ ಹೆದರಿಕೆ ಮಾತ್ರವಲ್ಲ, ಗೌರವವೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ತಮ್ಮ ಮನೆಯ ಸೊಪ್ಪನ್ನು ನನ್ನ ಈ ಕೈಗಳು ಬಿಡಿಸಿವೆ. ಹಳದಿ ಎಲೆ, ಹುಳ, ಬೇರಿನ ಮಣ್ಣು, ಯಾವುದನ್ನೂ ತಮ್ಮವರೆಗೆ ಬರಲು ಬಿಟ್ಟಿಲ್ಲ. ಹಳಸಿದ್ದು ಯಾವುದು, ತಾಜಾ ಯಾವುದು ಎಂದು ತಾವು ನನ್ನ ಬೆರಳನ್ನು ನಂಬಿ ತೀರ್ಮಾನಿಸುತ್ತೀರಿ, ಮುಟ್ಟಿ ಕೂಡ ನೋಡುವುದಿಲ್ಲ. ಅದೇ ಬೆರಳುಗಳು ಬೆಳಗಿನ ಜಾವ ಬಿಡಿಸಿದ ನುಗ್ಗೆಸೊಪ್ಪು ಶಾಲೆಗೆ ಹೋದ ಕೂಡಲೇ ಹಳಸಿಬಿಡುತ್ತದೆಯೇ? ವಿಠ್ಠಲವಾಡಿಯ ಸೇತುವೆಯಿಂದ ಶಾಲೆ ಅಷ್ಟು ದೂರವಿಲ್ಲ.

ಕೇಳುವುದು ಇಷ್ಟು. ಮಾರ್ಚಿನ ಪರೀಕ್ಷೆಗೆ ಮುಂಚೆ ಆ ಚಿತ್ರ ಎಲ್ಲ ಶಾಲೆಗಳಿಂದಲೂ ಇಳಿಯಬೇಕು. ಅದರ ಮೇಲೆ ಬಿಳಿ ಕಾಗದ ಅಂಟಿಸಿದರೆ ಸಾಲದು, ಕಾಗದದ ಕೆಳಗೆ ಏನಿದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ. ಮುಂದಿನ ಸಪ್ತಾಹದಲ್ಲಿ ಫ್ಲೆಕ್ಸ್ ಬೇಡ, ಒಂದು ಚಾಪೆ ಹಾಸಿ. ಮಕ್ಕಳು ತಮ್ಮ ಡಬ್ಬಿಯ ಬಗ್ಗೆ ಹೇಳಲಿ, ತಾಯಂದಿರನ್ನು ಕರೆಯಿರಿ, ಚಂದ್ರಬಾಯಿಗೂ ಮಾತಾಡಲು ಬಿಡಿ. ಸೊಪ್ಪು ಬಿಡಿಸುವುದನ್ನು ಕಲಿಸಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ಮಾತು ಬರದಿದ್ದರೂ ಕೈಯಲ್ಲಿ ಮಾಡಿ ತೋರಿಸುತ್ತೇನೆ.

ಅದಕ್ಕೂ ಮೊದಲು ಇನ್ನೊಂದು. ಬರುವ ಶುಕ್ರವಾರ ಅಶ್ಮಿತಾ ನನ್ನ ಪಕ್ಕದಲ್ಲಿ ಕೂತಿರುತ್ತಾಳೆ. ಚಿಟ್ಟೆಯ ಸ್ಟಿಕರಿನ ಆ ಹಳೆಯ ಡಬ್ಬಿಯೂ ಇರುತ್ತದೆ, ಅದರಲ್ಲಿ ಅಂದಿನ ಕುಚ್ಚಲಕ್ಕಿ ಅನ್ನ, ನುಗ್ಗೆಸೊಪ್ಪು, ನಿಂಬೆಯ ಹೋಳು. ಅವಳ ಕಣ್ಣೆದುರು ಒಂದು ತುತ್ತು ತಿನ್ನಿ. ರುಚಿಸದಿದ್ದರೆ ರುಚಿಸಲಿಲ್ಲ ಎನ್ನಿ, ಅದರಲ್ಲಿ ತಪ್ಪಿಲ್ಲ. ಹಳಸಿಲ್ಲ ಎಂಬುದನ್ನು ಮಾತ್ರ ತಮ್ಮ ಬಾಯಿಂದಲೇ ಹೇಳಿ. ನಾನು ನೂರು ಸಲ ಹೇಳಿಯಾಯಿತು, ಅವಳ ತಾಯಿ ಹೇಳಿಯಾಯಿತು, ಅವಳು ನಂಬುವುದಿಲ್ಲ. ಬೋರ್ಡ್ ಬರೆಸಿದವರು ಹೇಳಿದರೆ ನಂಬುತ್ತಾಳೆ. ಆರೂಹತ್ತರ ಲೋಕಲ್ ತಪ್ಪಿದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ.

ಬಾರದಿದ್ದರೆ ನಾನೇನು ಮಾಡಬಲ್ಲೆ? ಮೋರ್ಚಾ ತೆಗೆಯುವ ಗಂಟಲು ನನಗಿಲ್ಲ. ಒಂದು ಮಾಡಬಲ್ಲೆ. ಆ ಚಿತ್ರ ಇಳಿಯುವವರೆಗೆ ತಮ್ಮ ಎರಡು ಕಟ್ಟು ಮೆಂತ್ಯವನ್ನು ನಾನು ಬಿಡಿಸುವುದಿಲ್ಲ. ಬೇರು, ಮಣ್ಣು, ಹಳದಿ ಎಲೆ ಸಮೇತ ಇದ್ದ ಹಾಗೆಯೇ ಕೊಡುತ್ತೇನೆ. ಮನೆಯಲ್ಲಿ ಇಬ್ಬರೂ ಕೂತು ಬಿಡಿಸಿಕೊಳ್ಳಿ. ಆಹಾರ ಶಿಕ್ಷಣ ಅಲ್ಲಿಂದಲೇ ಶುರುವಾಗಲಿ.

ಇಂತಿ,
ಶುಕ್ರವಾರ ತಮಗಾಗಿ ಒಂದು ತುತ್ತು ಎತ್ತಿಡುವ,
ತಮ್ಮೆದುರು ಈವರೆಗೆ ಬಾಯಿ ಬಿಡದ
ಸೊಪ್ಪಿನ ವಿನೋದಾ

ವಿಠ್ಠಲವಾಡಿ, ಫೆಬ್ರವರಿ ೨೦೧೩